ಮೂರು ಮನೆಯ ಡಿಶ್‌ವಾಷರ್, ಮೂರು ಥರದ ರೆಕ್ಕೆ: ಮೂಲೆಯ ತಟ್ಟೆ, ಲೋಟದ ತಳ ಮತ್ತು ಒಂದು ಚೊಂಬು

ಜಗಳ ಶುರುವಾಗಿದ್ದು ಕಾಫಿ ಲೋಟದಿಂದ. ಅಕ್ಕನ ಮನೆಗೆ ಹೋಗಿದ್ದ ಚಿಕ್ಕಮ್ಮ ಡಿಶ್‌ವಾಷರ್‌ನಿಂದ ತೆಗೆದ ಸ್ಟೀಲ್ ಲೋಟವನ್ನು ತಿರುಗಿಸಿ ನೋಡಿದರು. ತಳದ ಅಂಚಿನೊಳಗೆ ಕಂದು ಬಣ್ಣದ ಗಸಿ ಕೂತಿತ್ತು. "ಇಷ್ಟು ದುಡ್ಡು ಕೊಟ್ಟು ಇದೇನೇ ಇದು? ನಮ್ಮ ಚಿಕ್ಕ ಮಷಿನ್ನೂ ಹೀಗೇ ಮಾಡುತ್ತೆ" ಎಂದರು. ಅಕ್ಕನಿಗೆ ಕೋಪ ಬಂತು. ಅವಳದು ಕೆಳಗಿನ ರೆಕ್ಕೆಯ ತುದಿಯಲ್ಲಿ ಇನ್ನೊಂದು ಪುಟ್ಟ ರೆಕ್ಕೆ ತಿರುಗುವ ದುಬಾರಿ ಮಷಿನ್. ನಮ್ಮದು ನಾಲ್ಕು ವರ್ಷ ಹಳೆಯ ಸಾದಾ ಮಷಿನ್. ನಮ್ಮ ಮನೆಯ ಲೋಟದಲ್ಲಿ ಗಸಿ ಇರುವುದಿಲ್ಲ ಎಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ.

ಹೇಳಿದ ಮೇಲೆ ತೋರಿಸಬೇಕಲ್ವಾ? ಮೂರೂ ಮನೆಯಲ್ಲಿ ಒಂದೇ ಕೊಳೆ ಹಾಕಿ ನೋಡಿದೆ.

ಸ್ಪ್ರೇ ಆರ್ಮ್ ಎಂದು ಮ್ಯಾನುಯಲ್‌ನಲ್ಲಿ ಬರೆದಿರುವುದನ್ನು ನಾನು ಇಲ್ಲಿ ರೆಕ್ಕೆ ಎನ್ನುತ್ತೇನೆ. ಅದನ್ನು ತಿರುಗಿಸಲು ಮೋಟರ್ ಇದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಸಾಮಾನ್ಯ ರೆಕ್ಕೆಗೆ ಅದು ಇರುವುದಿಲ್ಲ. ಪಂಪು ನೀರನ್ನು ಟೊಳ್ಳು ರೆಕ್ಕೆಯೊಳಗೆ ತಳ್ಳುತ್ತದೆ. ಕೆಲವು ತೂತುಗಳು ಓರೆಯಾಗಿರುತ್ತವೆ. ಅಲ್ಲಿಂದ ನೀರು ಒಂದು ಕಡೆ ಚಿಮ್ಮಿದರೆ ರೆಕ್ಕೆ ಇನ್ನೊಂದು ಕಡೆ ಓಡುತ್ತದೆ. ಹುಲ್ಲುಹಾಸಿಗೆ ನೀರು ಹಾಕುವ ಸ್ಪ್ರಿಂಕ್ಲರ್ ತಿರುಗುವುದೂ ಹೀಗೇ. ಹಾಗಾಗಿ ಒಂದೆರಡು ತೂತು ಕಟ್ಟಿಕೊಂಡರೆ ಬರೀ ನೀರು ಕಡಿಮೆಯಾಗುವುದಲ್ಲ, ತಿರುಗುವುದೇ ನಿಧಾನವಾಗುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಇನ್ನು ಮೂರು ಮಷಿನ್‌ಗಳು. ನಮ್ಮದರಲ್ಲಿ ಕೆಳಗೆ ಒಂದು ನೇರ ರೆಕ್ಕೆ, ಮೇಲಿನ ಬುಟ್ಟಿಯ ಅಡಿಯಲ್ಲಿ ಇನ್ನೊಂದು, ಒಳಗಿನ ಚಾವಣಿಯಲ್ಲಿ ಅಂಗೈ ಅಗಲದ ಒಂದು ಚಿಕ್ಕ ಸ್ಪ್ರೇ. ಅಕ್ಕನದರಲ್ಲಿ ಕೆಳಗೆ ಆ ಜೋಡಿ ರೆಕ್ಕೆ, ನಡುವೆ ಸಾದಾ ರೆಕ್ಕೆ, ಚಾವಣಿಯಲ್ಲಿ ಏನೂ ಇಲ್ಲ. ಚಿಕ್ಕಮ್ಮನದು ಅಡುಗೆ ಕಟ್ಟೆಯ ಮೇಲೆ ಕೂರುವ ಪುಟ್ಟ ಮಷಿನ್. ಒಂದೇ ಬುಟ್ಟಿ, ಒಂದೇ ರೆಕ್ಕೆ. ಕಂಪನಿಗಳ ಹೆಸರು ಬರೆಯುವುದಿಲ್ಲ, ನಾನು ನೋಡುತ್ತಿರುವುದು ರೆಕ್ಕೆಯನ್ನು ಮಾತ್ರ. ತಿರುಗುವ ಬದಲು ಅಡ್ಡಪಟ್ಟಿಯೊಂದು ಹಿಂದೆ ಮುಂದೆ ಓಡಿ ನೀರು ಎರಚುವ ಮಷಿನ್‌ಗಳೂ ಬಂದಿವೆ. ನಮ್ಮ ನೆಂಟರಲ್ಲಿ ಯಾರ ಹತ್ತಿರವೂ ಇಲ್ಲ, ಹಾಗಾಗಿ ಬಿಟ್ಟೆ.

ಕೊಳೆಗೆ ಆರಿಸಿಕೊಂಡಿದ್ದು ರಾಗಿ ಅಂಬಲಿ. ಇದು ಸುಮ್ನೆ ತಮಾಷೆಗಲ್ಲ. ಯುರೋಪಿನ ಪರೀಕ್ಷಾಲಯಗಳಲ್ಲಿ ಡಿಶ್‌ವಾಷರ್ ಪರೀಕ್ಷೆಗೆ ಓಟ್ಸ್ ಗಂಜಿ, ಪಾಲಕ್, ಮೊಟ್ಟೆ, ಹಾಲು, ಟೀ ಬಳಿದು ಒಣಗಿಸುತ್ತಾರೆ. ಗಂಜಿಯ ಪಿಷ್ಟ ಒಣಗಿದರೆ ಅಂಟಿನ ಹಾಗೆ ಹಿಡಿಯುತ್ತದೆ. ನಮ್ಮ ರಾಗಿಯೂ ಅಷ್ಟೇ, ತೊಳೆಯುವವರಿಗೆ ಗೊತ್ತು. ಐದು ಸ್ಟೀಲ್ ತಟ್ಟೆಗೆ ತಲಾ ಎರಡು ಚಮಚ ಅಂಬಲಿ ಬಳಿದು ರಾತ್ರಿಯಿಡೀ ಒಣಗಲು ಬಿಟ್ಟೆ. ಒಂದನ್ನು ಬುಟ್ಟಿಯ ನಡುವೆ, ನಾಲ್ಕನ್ನು ನಾಲ್ಕು ಮೂಲೆಗೆ ಇಟ್ಟೆ. ಜೊತೆಗೆ ಹಾಲು ಕುಡಿದ ನಾಲ್ಕು ಲೋಟ, ಒಳಗೆಲ್ಲ ಅಂಬಲಿ ಬಳಿದ ಒಂದು ಚೊಂಬು. ಉಳಿದ ಜಾಗಕ್ಕೆ ಆ ಮನೆಯ ಮುಸುರೆ ಪಾತ್ರೆಗಳು. ಪುಡಿ ಒಂದೇ, ಅಳತೆ ಒಂದೇ. ಒಂದೊಂದು ಮನೆಯಲ್ಲೂ ಮೂರು ಸಲ ಓಡಿಸಿದೆ. ಬೇಕೆಂದೇ ಅರ್ಧ ಗಂಟೆಯ ಗಿಡ್ಡ ಪ್ರೋಗ್ರಾಂ ಹಾಕಿದೆ. 70 ಡಿಗ್ರಿಯ ಉದ್ದ ಪ್ರೋಗ್ರಾಂನಲ್ಲಿ ಬಿಸಿಯೂ ಪುಡಿಯೂ ಸೇರಿ ಎಲ್ಲವನ್ನೂ ಬಿಡಿಸಿಬಿಡುತ್ತವೆ. ಆಗ ರೆಕ್ಕೆಯ ತಪ್ಪು ಮುಚ್ಚಿಹೋಗುತ್ತದೆ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮೂರು ಮನೆಯ ಪಂಪು ಬೇರೆ, ನೀರು ಬೇರೆ. ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು, ನಮಗೆ ಕಾವೇರಿ. ಹಾಗಾಗಿ ಮೂಲೆಯ ವಿಷಯದಲ್ಲಿ ನಮ್ಮನೆ ತಟ್ಟೆಯನ್ನು ಅಕ್ಕನ ಮನೆ ತಟ್ಟೆಗೆ ಹೋಲಿಸುವುದು ಸರಿಯಲ್ಲ. ಒಂದೇ ಮಷಿನ್‌ನೊಳಗೆ ನಡುವಿನ ತಟ್ಟೆಗೂ ಮೂಲೆಯ ತಟ್ಟೆಗೂ ಇರುವ ವ್ಯತ್ಯಾಸ ಎಷ್ಟು ಎಂದು ನೋಡಿದರೆ ಅದು ರೆಕ್ಕೆಯ ಗುಣ.

ನಮ್ಮ ಮಷಿನ್‌ನಲ್ಲಿ ನಡುವಿನ ತಟ್ಟೆ ಮೂರೂ ಸಲ ಫಳಫಳ. ಮುಂದಿನ ಎರಡು ಮೂಲೆಯ ತಟ್ಟೆಗಳ ಅಂಚಿನಲ್ಲಿ ಎರಡು ಸಲ ರಾಗಿ ಉಳಿಯಿತು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಂದು ಗೆರೆ. ಇದರ ಲೆಕ್ಕ ಸುಲಭ. ಚೌಕದೊಳಗೆ ಹಿಡಿಸುವಷ್ಟು ದೊಡ್ಡ ವೃತ್ತ ಬರೆದರೆ ಅದು ಚೌಕದ ಶೇ. 78.5ರಷ್ಟು ಜಾಗ ಮಾತ್ರ ಮುಚ್ಚುತ್ತದೆ. ಉಳಿದ ಶೇ. 21.5 ನಾಲ್ಕು ಮೂಲೆಗೆ ಹಂಚಿಹೋಗುತ್ತದೆ. ತುದಿಯ ತೂತುಗಳನ್ನು ಹೊರಗೆ ಓರೆ ಮಾಡಿ ಮೂಲೆಗೂ ನೀರು ಎರಚುತ್ತಾರೆ, ನಿಜ. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಧಾರೆಯ ಬಿರುಸು ಇಳಿದಿರುತ್ತದೆ.

ಅಕ್ಕನ ಮನೆಯಲ್ಲಿ ನಡು, ಮೂಲೆ ಎಂಬ ಭೇದವೇ ಕಾಣಲಿಲ್ಲ. ಮೂರು ಸಲವೂ ಐದು ತಟ್ಟೆ ಒಂದೇ ಸಮ. ದೊಡ್ಡ ರೆಕ್ಕೆ ಸುತ್ತುತ್ತಾ ಹೋದ ಹಾಗೆ ಅದರ ತುದಿಯ ಪುಟ್ಟ ರೆಕ್ಕೆ ತಾನೂ ಸುತ್ತುತ್ತದೆ. ಗಿರಗಟ್ಟೆಯ ತುದಿಗೆ ಇನ್ನೊಂದು ಗಿರಗಟ್ಟೆ ಕಟ್ಟಿದ ಹಾಗೆ. ಮೂಲೆ ಬಂದಾಗ ಅದು ಹೊರಗೆ ಚಾಚುತ್ತದೆ. ಇಲ್ಲಿ ಅಕ್ಕ ಗೆದ್ದಳು, ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದ್ದೂ ಆಯಿತು.

ಚಿಕ್ಕಮ್ಮನ ಪುಟ್ಟ ಮಷಿನ್‌ನಲ್ಲಿ ಮೂಲೆ ಸಮಸ್ಯೆಯೇ ಅಲ್ಲ, ಪೆಟ್ಟಿಗೆ ಅಷ್ಟು ಚಿಕ್ಕದು. ಅಲ್ಲಿಯ ಕಷ್ಟ ನೆರಳು. ಒಂದೇ ರೆಕ್ಕೆ, ನೀರು ಬರುವುದು ಕೆಳಗಿನಿಂದ ಮಾತ್ರ. ಸಾರಿನ ಪಾತ್ರೆ ಬೋರಲು ಹಾಕಿದರೆ ಅದರ ಹಿಂದಿನ ತಟ್ಟೆಗೆ ಮಳೆಗಾಲದ ಕೊಡೆ ಹಿಡಿದ ಹಾಗೆ.

ನನಗೆ ನಿಜವಾಗಿ ಪಾಠ ಕಲಿಸಿದ್ದು ಚೊಂಬು.

ಸಾದಾ ರೆಕ್ಕೆಯ ಒಂದೊಂದು ತೂತೂ ಪ್ರತಿ ಸುತ್ತಿಗೆ ಅದೇ ದಾರಿಯಲ್ಲಿ ಹೋಗುತ್ತದೆ. ನಡುವಿನಿಂದ ಒಂದು ಗೇಣು ದೂರದ ತೂತು ಯಾವಾಗಲೂ ಒಂದು ಗೇಣು ದೂರದ ಸುತ್ತನ್ನೇ ಗೀರುತ್ತದೆ, ನೂರು ಸಲ ತಿರುಗಿದರೂ ಅಷ್ಟೇ. ತಟ್ಟೆಯಂಥ ಅಗಲದ ವಸ್ತುವಿಗೆ ಇದರಿಂದ ತೊಂದರೆ ಇಲ್ಲ, ಎಲ್ಲೋ ಒಂದು ಕಡೆ ಧಾರೆ ಸಿಕ್ಕೇ ಸಿಗುತ್ತದೆ. ಚೊಂಬಿನ ಬಾಯಿ ಎಷ್ಟು ಅಗಲ? ಆ ಬಾಯಿ ಎರಡು ಸುತ್ತುಗಳ ನಡುವಿನ ಸಂದಿಯಲ್ಲಿ ಬಿದ್ದರೆ ಒಳಗೆ ಹೋಗುವುದು ಅಲ್ಲಿ ಇಲ್ಲಿ ಸಿಡಿದ ಹನಿ ಮಾತ್ರ. ನಮ್ಮ ಮನೆಯಲ್ಲಿ ಮೊದಲ ಸಲ ಚೊಂಬಿನ ಒಳಗಿನ ತಳ ಹಾಗೇ ಇತ್ತು, ಅಂಬಲಿ ಬಳಿದ ಬೆರಳ ಗುರುತೂ ಹೋಗಿರಲಿಲ್ಲ. ಎರಡನೇ ಸಲ ಚೊಂಬನ್ನು ಮೂರು ಬೆರಳಿನಷ್ಟು ಆಚೆ ಸರಿಸಿದೆ. ಬೇರೆ ಏನೂ ಬದಲಿಸಲಿಲ್ಲ. ತಳ ಬೆಳ್ಳಗೆ ಹೊಳೆಯಿತು! ಮೂರನೇ ಸಲ ಮತ್ತೆ ಹಳೆಯ ಜಾಗಕ್ಕೆ ಇಟ್ಟೆ, ಮತ್ತೆ ಕೊಳೆ. ನಾಲ್ಕು ವರ್ಷದಿಂದ ಮಷಿನ್‌ಗೆ ಬೈದಿದ್ದೆ, ಸರಿಸಬೇಕಾಗಿದ್ದು ಮೂರು ಬೆರಳು.

ಆಮೇಲೆ ಒಂದು ಕೆಲಸ ಮಾಡಿದೆ. ಬುಟ್ಟಿಯನ್ನು ಎಳೆದುಕೊಂಡು, ಕೆಳಗಿನ ರೆಕ್ಕೆಯ ತೂತುಗಳು ನಡುವಿನಿಂದ ಎಷ್ಟೆಷ್ಟು ದೂರದಲ್ಲಿವೆ ಎಂದು ಟೇಪಿನಲ್ಲಿ ಅಳೆದೆ. ಬುಟ್ಟಿಯ ಯಾವ ಕಂಬಿಗಳು ಆ ದೂರಕ್ಕೆ ಬರುತ್ತವೋ ಅಲ್ಲಿ ಕೆಂಪು ದಾರ ಕಟ್ಟಿದೆ. ಚೊಂಬು, ಫ್ಲಾಸ್ಕ್, ಮಗನ ನೀರಿನ ಬಾಟಲಿ ದಾರದ ಮೇಲೆ. ಮನೆಯವರು ನಕ್ಕರು, ಈಗ ಅವರೂ ಅಲ್ಲೇ ಇಡುತ್ತಾರೆ.

ಅಕ್ಕನ ಜೋಡಿ ರೆಕ್ಕೆಗೆ ಈ ದಾರದ ಗೋಜಿಲ್ಲ. ಪುಟ್ಟ ರೆಕ್ಕೆ ತಾನೇ ತಿರುಗುವುದರಿಂದ ಧಾರೆಯ ದಾರಿ ಪ್ರತಿ ಸುತ್ತಿಗೂ ಬದಲಾಗುತ್ತದೆ. ಎಲ್ಲಿಟ್ಟರೂ ಒಂದಲ್ಲ ಒಂದು ಸಲ ಚೊಂಬಿನ ಬಾಯಿಗೆ ನೀರು ನೇರ ಹೊಡೆಯುತ್ತದೆ. ಮೂರು ಸಲ ಮೂರು ಜಾಗದಲ್ಲಿ ಇಟ್ಟೆ, ಮೂರು ಸಲವೂ ಒಳಗೆ ಶುದ್ಧ. ಚಿಕ್ಕಮ್ಮನದರಲ್ಲಿ ಒಂದು ಸಲ ಆಯಿತು, ಎರಡು ಸಲ ಆಗಲಿಲ್ಲ.

1886ರಲ್ಲಿ ಅಮೆರಿಕದ ಜೋಸೆಫೀನ್ ಕಾಕ್ರನ್ ಎಂಬ ಹೆಂಗಸು ಪಾತ್ರೆ ತೊಳೆಯುವ ಮಷಿನ್‌ಗೆ ಪೇಟೆಂಟ್ ಪಡೆದರು. ಕೆಲಸದವರ ಕೈಯಲ್ಲಿ ತಮ್ಮ ಪಿಂಗಾಣಿ ತಟ್ಟೆಗಳ ಅಂಚು ಒಡೆಯುತ್ತಿದ್ದದ್ದು ಅವರ ತಲೆನೋವು. ತಟ್ಟೆಗೊಂದು ಬಟ್ಟಲಿಗೊಂದು ಎಂದು ಅಳತೆಗೆ ತಕ್ಕ ತಂತಿಯ ಗೂಡು ಮಾಡಿಸಿ, ಅದರ ಮೇಲೆ ನೀರು ಚಿಮ್ಮುವಂತೆ ಮಾಡಿದ್ದರು. ತಿರುಗುವ ಸ್ಪ್ರೇ ಇರುವ ಮನೆ ಮಷಿನ್ ಮಾಡಿದ್ದು ಇಂಗ್ಲೆಂಡಿನ ವಿಲಿಯಂ ಲಿವೆನ್ಸ್, 1924ರಲ್ಲಿ. ಇಬ್ಬರ ಕಣ್ಣ ಮುಂದೆ ಇದ್ದದ್ದು ತಟ್ಟೆ, ಬಟ್ಟಲು, ಕಪ್ಪು. ಚೊಂಬು, ಗಿಂಡಿ, ಕುಕ್ಕರಿನೊಳಗಿನ ಡಬ್ಬಿ ಅವರು ಕಂಡ ಅಡುಗೆಮನೆಯಲ್ಲಿ ಎಲ್ಲಿ ಬರಬೇಕು? ಇಂದಿನ ಬುಟ್ಟಿಯ ಕಂಬಿಗಳೂ ಹೆಚ್ಚಾಗಿ ಆ ತಟ್ಟೆಗಳ ಅಳತೆಗೇ ಇವೆ.

ಈಗ ಲೋಟದ ತಳಕ್ಕೆ ಬರೋಣ, ಜಗಳದ ಮೂಲ ಅದೇ ತಾನೇ. ಲೋಟ ಬೋರಲು ಹಾಕಿದಾಗ ಒಳಭಾಗಕ್ಕೆ ಕೆಳಗಿನಿಂದ ನೀರು ಬರುತ್ತದೆ. ತಳದ ಬಳೆಯಂಥ ಅಂಚು ಮೇಲೆ ಬರುತ್ತದೆ, ಪುಟ್ಟ ಬಟ್ಟಲಿನ ಹಾಗೆ. ಡಿಶ್‌ವಾಷರ್ ಒಂದೇ ನೀರನ್ನು ಜಾಲರಿಯಲ್ಲಿ ಸೋಸಿ ಮತ್ತೆ ಮತ್ತೆ ಎರಚುವುದರಿಂದ, ಸೋಸಿದರೂ ಉಳಿದ ನುಣ್ಣನೆಯ ಗಸಿ ಆ ಬಟ್ಟಲಿನಲ್ಲಿ ಇಳಿಯುತ್ತದೆ. ಮೇಲಿನಿಂದ ನೀರು ಬೀಳದಿದ್ದರೆ ಅದು ಅಲ್ಲೇ ಒಣಗುತ್ತದೆ. ನಮ್ಮ ಚಾವಣಿಯ ಸ್ಪ್ರೇ ಮಾಡುವ ಕೆಲಸ ಇಷ್ಟೇ: ಅದನ್ನು ಕೊಚ್ಚಿ ಹಾಕುವುದು. ನಮ್ಮಲ್ಲಿ ಮೂರು ಸಲಕ್ಕೆ 12 ಲೋಟದಲ್ಲಿ ಒಂದರಲ್ಲೂ ಗಸಿ ಇಲ್ಲ. ಅಕ್ಕನಲ್ಲಿ 12ರಲ್ಲಿ ಏಳು, ಚಿಕ್ಕಮ್ಮನಲ್ಲಿ ಒಂಬತ್ತು. ಹೊಸ ಮಷಿನ್ ನೋಡಲು ಅಂಗಡಿಗೆ ಹೋದವರು ಕೆಳಗಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಾರೆ. ತಲೆ ಒಳಗೆ ಹಾಕಿ ಚಾವಣಿ ನೋಡಿದವರನ್ನು ನಾನು ಕಂಡಿಲ್ಲ. ಸ್ಟೀಲ್ ಲೋಟದ ಮನೆಯಾದರೆ ನಾನು ಮೊದಲು ನೋಡುವುದು ಅದನ್ನೇ. ಅಲ್ಲಿ ಸ್ಪ್ರೇ ಇಲ್ಲದಿದ್ದರೆ ಲೋಟವನ್ನು ಓರೆಯಾಗಿ ಒರಗಿಸಿ ಇಡಿ, ನೀರು ನಿಲ್ಲುವುದಿಲ್ಲ. ಅಕ್ಕನಿಗೆ ಹೇಳಿದೆ, ಅರ್ಧ ತಕರಾರು ಅಲ್ಲಿಗೇ ಮುಗಿಯಿತು.

ಇನ್ನರ್ಧ ಎರಡು ತಿಂಗಳಾದ ಮೇಲೆ ಬಂತು. "ನೋಡೇ, ಈಗ ಮೂಲೆ ತಟ್ಟೆಯೂ ಕೊಳೆ" ಎಂದು ಫೋನ್ ಮಾಡಿದಳು. ಹೋಗಿ ಕೆಳಗಿನ ರೆಕ್ಕೆ ಬಿಚ್ಚಿದೆ. ಪುಟ್ಟ ರೆಕ್ಕೆಯ ತೂತಿನಲ್ಲಿ ಒಗ್ಗರಣೆಯ ಸಾಸಿವೆ, ಎರಡು ಕಾಳು. ಪಕ್ಕದ ತೂತುಗಳ ಸುತ್ತ ಬೋರ್‌ವೆಲ್ ನೀರಿನ ಬಿಳಿ ಸುಣ್ಣ. ಸಾಸಿವೆಯನ್ನು ಜಾಲರಿ ತಡೆಯಬೇಕಿತ್ತು, ಆದರೆ ತೊಳೆದು ವಾಪಸ್ ಹಾಕುವಾಗ ಅಕ್ಕ ಅದನ್ನು ಕೊನೆಯವರೆಗೆ ತಿರುಗಿಸಿ ಬಿಗಿ ಮಾಡಿರಲಿಲ್ಲ. ಸಂದಿಯಲ್ಲಿ ನುಸುಳಿದ ಕಾಳು ಪಂಪಿನ ಮೂಲಕ ರೆಕ್ಕೆ ಸೇರಿತ್ತು. ಪುಟ್ಟ ರೆಕ್ಕೆ ತಿರುಗುವುದೇ ನಿಂತಿತ್ತು. ಜೋಡಿ ರೆಕ್ಕೆಯಲ್ಲಿ ಪುಟ್ಟದು ನಿಂತರೆ ಉಳಿಯುವುದು ಒಂದು ಸಾದಾ ರೆಕ್ಕೆ, ಅದೂ ಸೊರಗಿದ್ದು. ಹಲ್ಲುಕಡ್ಡಿಯಲ್ಲಿ ಕಾಳು ತೆಗೆದು, ಬಿಸಿ ನೀರಿಗೆ ವಿನಿಗರ್ ಹಾಕಿ ಒಂದು ಗಂಟೆ ನೆನೆಸಿದೆ. ಮತ್ತೆ ಮೊದಲಿನ ಹಾಗಾಯಿತು. ನೀರಿನ ಗಡಸು ಇಳಿಸಲು ಮಷಿನ್‌ಗೆ ಹಾಕುವ ಉಪ್ಪು ಖಾಲಿಯಾಗಿ ಎಷ್ಟು ದಿನವಾಗಿತ್ತೋ, ಅದನ್ನು ಅವಳು ಹೇಳಲಿಲ್ಲ.

ನಮ್ಮ ಸಾದಾ ರೆಕ್ಕೆಯಲ್ಲೂ ಕಾಳು ಸಿಕ್ಕಿದ್ದಿದೆ. ಆದರೆ ಅದನ್ನು ಎಳೆದು ತೆಗೆದು ನಲ್ಲಿಯ ಕೆಳಗೆ ಹಿಡಿದು ಅಲುಗಾಡಿಸಿದರೆ ಕೆಲಸ ಮುಗಿಯಿತು. ರೆಕ್ಕೆ ತಿರುಗುತ್ತಿದೆಯೇ ಎಂದು ತಿಳಿಯಲು, ಬಾಗಿಲು ಹಾಕುವ ಮೊದಲು ಅದನ್ನು ನೇರ ನನ್ನ ಕಡೆ ತಿರುಗಿಸಿ ಇಡುತ್ತೇನೆ. ಐದಾರು ನಿಮಿಷ ಬಿಟ್ಟು ನಿಲ್ಲಿಸಿ ಬಾಗಿಲು ತೆಗೆದಾಗಲೂ ಅಲ್ಲೇ ಇದ್ದರೆ ಅನುಮಾನ. ಎಷ್ಟೋ ಸಲ ಕಾರಣ ಬುಟ್ಟಿಯಿಂದ ಕೆಳಗಿಳಿದ ಸೌಟಿನ ಹಿಡಿ.

ಅಕ್ಕನ ಮಷಿನ್ ಕೊಟ್ಟರೂ ನಾನು ಬದಲಾಯಿಸಿಕೊಳ್ಳುವುದಿಲ್ಲ. ನನ್ನ ಮೂಲೆಗೆ ಈಗ ಡಬ್ಬಿಯ ಮುಚ್ಚಳ, ಹಣ್ಣಿನ ತಟ್ಟೆಯಂಥ ಹಗುರ ಕೊಳೆಯವು ಹೋಗುತ್ತವೆ, ಚೊಂಬಿಗೆ ಕೆಂಪು ದಾರ ಇದೆ. ಲೋಟದ ಗಸಿಗೆ ಮಾತ್ರ ದಿನಾ ಒರಗಿಸಿ ಇಡುವ ತಾಳ್ಮೆ ನನಗಿಲ್ಲ. ಎಲ್ಲಿಟ್ಟರೂ ತೊಳೆಯಬೇಕು, ಯೋಚನೆ ಬೇಡ ಎನ್ನುವವರಿಗೆ ಜೋಡಿ ರೆಕ್ಕೆ ಸರಿ. ಅದರ ಜೊತೆ ಚಾವಣಿ ಸ್ಪ್ರೇಯೂ ಇರುವುದು ಸಿಕ್ಕಿದರೆ ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಚಿಕ್ಕಮ್ಮನ ಥರದ್ದು ಇಬ್ಬರೇ ಇರುವ ಮನೆಗೆ ಸಾಕು, ದೊಡ್ಡ ಪಾತ್ರೆ ಕೈಯಲ್ಲಿ ತೊಳೆಯುವುದಾದರೆ.

ಮುದ್ದೆ ಮಾಡಿ ತಳ ಹಿಡಿದ ಪಾತ್ರೆಯನ್ನೂ ಒಂದೊಂದು ಸಲ ಮೂರೂ ಕಡೆ ಹಾಕಿದ್ದೆ. ಮೂರರಲ್ಲೂ ಹೋದ ಹಾಗೇ ಹೊರಗೆ ಬಂತು. ಅದು ಈಗಲೂ ರಾತ್ರಿ ನೀರು ತುಂಬಿಕೊಂಡು ಸಿಂಕಿನಲ್ಲಿ ಕೂರುತ್ತದೆ, ಬೆಳಗ್ಗೆ ತೆಂಗಿನ ನಾರು, ನನ್ನ ಕೈ.