ಜೆರಾಕ್ಸ್ ಅಂಗಡಿಯಲ್ಲಿ ಕಟ್ಟಿಸಿದ ಫಿಲಿಪೀನ್ಸ್ ಕಥೆಗಳು: ಬೈಂಡಿಂಗ್‌ಗೆ ಮೂರೂವರೆ ಅಂಕ, ಪುಸ್ತಕಕ್ಕೆ ನಾಲ್ಕು

ಮೊದಲು ಅಂಗಡಿಯ ವಿಷಯ. ದಾವಣಗೆರೆಯ ವಿದ್ಯಾನಗರದ ಕಡೆ, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡಿಕೊಡುವ ಒಂದು ಜೆರಾಕ್ಸ್ ಅಂಗಡಿ. ಹೆಸರು ಬರೆಯುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ಪಿಡಿಎಫ್ ವಾಟ್ಸಾಪ್ ಮಾಡಿದರೆ ಸಾಕು. ಪ್ರಿಂಟ್ ತೆಗೆದು, ಹೊಲಿದು, ರಟ್ಟು ಹಾಕಿ, ಮೇಲೆ ರೆಕ್ಸಿನ್ ಹೊದಿಸಿ ಪುಸ್ತಕ ಮಾಡಿ ಕೊಡುತ್ತಾರೆ. ಒಂದು ಬದಿಗೆ ಒಂದು ರೂಪಾಯಿ, ಪುಟ ಜಾಸ್ತಿ ಇದ್ದರೆ 80 ಪೈಸೆ. ಹೊಲಿಗೆ ಬೈಂಡಿಂಗ್‌ಗೆ 200. ನನ್ನದಕ್ಕೆ ಎಲ್ಲ ಸೇರಿ 540 ರೂಪಾಯಿ ಆಯಿತು. ಸ್ಪೈರಲ್ ಹಾಕಿಸಿದರೆ ಇನ್ನೂ ಕಡಿಮೆ, ಆದರೆ ಸ್ಪೈರಲ್ ಪುಸ್ತಕ ಕಪಾಟಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಮೇಲಾಗಿ ಅದು ಪುಸ್ತಕ ಅನ್ನಿಸುವುದೂ ಇಲ್ಲ, ಪ್ರಾಜೆಕ್ಟ್ ರಿಪೋರ್ಟ್ ಅನ್ನಿಸುತ್ತದೆ.

ಕಟ್ಟಿಸಿದ್ದು ‘ಫಿಲಿಪಿನೋ ಪಾಪ್ಯುಲರ್ ಟೇಲ್ಸ್’. ಫಿಲಿಪೀನ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಡೀನ್ ಫ್ಯಾನ್ಸ್ಲರ್ ಎಂಬ ಅಮೆರಿಕದ ಮೇಷ್ಟ್ರು 1921ರಲ್ಲಿ ಹೊರತಂದದ್ದು. ಹಕ್ಕು ಮುಗಿದ ಪುಸ್ತಕ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕದ್ದು ಕಾಪಿ ಹೊಡೆಸಿದ್ದಲ್ಲ, ಆ ಬಗ್ಗೆ ಯಾರೂ ಕೇಳುವುದು ಬೇಡ.

ಇದೇ ಯಾಕೆ ಅಂತ ಅಂಗಡಿಯ ಹುಡುಗನೂ ಕೇಳಿದ. “ಆಂಟಿ, ಪಿಎಚ್‌ಡಿ ಮಾಡ್ತಿದೀರಾ?” ಅಂದ. ಪಿಎಚ್‌ಡಿ ಇಲ್ಲ, ಏನೂ ಇಲ್ಲ. ನನ್ನ ಮಗ ಅಲ್ಲಿನ ದವಾವ್‌ನಲ್ಲಿ ಡಾಕ್ಟರ್ ಓದುತ್ತಿದ್ದಾನೆ. ದಾವಣಗೆರೆಯಿಂದ ದವಾವ್‌ಗೆ, ಹೆಸರು ಕೇಳಿದರೆ ಪಕ್ಕದ ತಾಲ್ಲೂಕು ಅನ್ನಬೇಕು. ಪಾಠ ಇಂಗ್ಲಿಷಿನಲ್ಲಿ, ಟಿವಿ ಟಗಾಲೊಗ್‌ನಲ್ಲಿ, ಆದರೆ ವಾರ್ಡಿನಲ್ಲಿ ರೋಗಿಗಳು ಮಾತಾಡುವುದು ಬಿಸಾಯ. ಪುಸ್ತಕಗಳಲ್ಲಿ ಅದನ್ನೇ ಸೆಬುವಾನೊ ಅನ್ನುತ್ತಾರೆ. 1937ರಲ್ಲಿ ಟಗಾಲೊಗನ್ನು ಆಧಾರವಾಗಿಟ್ಟು ರಾಷ್ಟ್ರಭಾಷೆ ಅಂತ ತೀರ್ಮಾನ ಮಾಡಿದರು, ಆದರೂ ದವಾವ್ ಬೀದಿಯ ಮಾತು ಬಿಸಾಯವೇ. ಹೊಟ್ಟೆನೋವು ಎಲ್ಲಿ, ಎಷ್ಟು ದಿನದಿಂದ ಅಂತ ಕೇಳುವಷ್ಟು ಇವನೂ ಕಲಿತಿದ್ದಾನೆ. ಅವನಿರುವ ಮನೆಯ ಓನರ್ ಅಜ್ಜಿ ‘ಬಿಸಾಯ’ ಪತ್ರಿಕೆ ಓದಿ ಬೆಳೆದವರಂತೆ. 1930ರಲ್ಲಿ ಶುರುವಾದ ಪತ್ರಿಕೆ. ಸಣ್ಣಕಥೆ, ಧಾರಾವಾಹಿ, ಪದ್ಯ, ಎಲ್ಲ ಬಿಸಾಯದಲ್ಲೇ. ತಮಾಷೆ ಅಂದರೆ ಬಿಸಾಯದವರ ಈ ಪತ್ರಿಕೆ ಅಚ್ಚಾಗುತ್ತಿದ್ದದ್ದು ಮನಿಲಾದಲ್ಲಿ! “ಆ ಊರಿನವರು ಮಕ್ಕಳಿಗೆ ಏನು ಕಥೆ ಹೇಳ್ತಾರೋ?” ಅಂತ ಕೇಳಿದ್ದಕ್ಕೆ ಮಗ ಈ ಫೈಲ್ ಹುಡುಕಿ, ಪಿಡಿಎಫ್ ಮಾಡಿ ಕಳಿಸಿದ. ಮೊಬೈಲಿನಲ್ಲಿ ಓದಲು ನನ್ನ ಕಣ್ಣು ಒಪ್ಪುವುದಿಲ್ಲ.

ಇನ್ನು ಪುಸ್ತಕ. ಒಟ್ಟು 82 ಕಥೆ, ಕೆಲವಕ್ಕೆ ಎರಡು ಮೂರು ರೂಪ. 1908ರಿಂದ 1914ರವರೆಗೆ ಕೂಡಿಸಿದ್ದು, ಹೇಳಿದವರಲ್ಲಿ ಹೆಚ್ಚಿನವರು ಮೇಷ್ಟ್ರ ವಿದ್ಯಾರ್ಥಿಗಳೇ. ನನಗೆ ಬಹಳ ಹಿಡಿಸಿದ್ದು ಕಥೆಯ ತಲೆಯ ಮೇಲಿನ ಒಂದೆರಡು ಸಾಲು. ಯಾರು ಹೇಳಿದ್ದು, ಯಾವ ಪ್ರಾಂತದವರು ಅಂತ ಅಲ್ಲಿ ಬರೆದಿರುತ್ತದೆ. ಕೆಲವು ಕಡೆ ಅವರಿಗೆ ಯಾರು ಹೇಳಿದ್ದು ಅಂತಲೂ ಇರುತ್ತದೆ. ಇದು ಪಂಪಾಂಗದ್ದು, ಅಪ್ಪನಿಂದ ಕೇಳಿದ್ದು. ಇದು ಇಲೋಕೋಸ್ ಕಡೆಯದು. ಇದು ಲಗೂನದ್ದು. ನಮ್ಮಲ್ಲಿ ಎಷ್ಟು ಜಾನಪದ ಪುಸ್ತಕಗಳು ‘ಒಂದಾನೊಂದು ಊರಿನಲ್ಲಿ’ ಅಂತ ಶುರುವಾಗಿ ಊರನ್ನೇ ನುಂಗಿಬಿಡುತ್ತವೆ! ಚಳ್ಳಕೆರೆ ಕಡೆಯ ಸಿರಿಯಜ್ಜಿಯ ಹಾಡು ಅಂದರೆ ಆ ಹಟ್ಟಿ, ಆ ಕಾಡುಗೊಲ್ಲರು, ಆ ಅಜ್ಜಿ ಎಲ್ಲ ಜೊತೆಗೇ ಬರುತ್ತಾರೆ ಅಲ್ವಾ? ಈ ಪುಸ್ತಕ ಆ ಜಾತಿಗೆ ಸೇರಿದ್ದು. ನೂರು ವರ್ಷದ ಹಿಂದೆಯೇ ಆ ಮೇಷ್ಟ್ರಿಗೆ ಇಷ್ಟು ಬುದ್ಧಿ ಇತ್ತು.

ಪ್ರಾಣಿಗಳ ಕಥೆಗಳಿಂದ ಶುರು ಮಾಡಿ ಅನ್ನುವುದು ನನ್ನ ಸಲಹೆ. ಮಂಗ ಮತ್ತು ಆಮೆಯ ಕಥೆ ಆ ದೇಶದಲ್ಲಿ ಎಲ್ಲರಿಗೂ ಗೊತ್ತು. ಅವರ ದೊಡ್ಡ ಲೇಖಕ ಹೊಸೆ ರಿಸಾಲ್ 1889ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಇದನ್ನು ಬರೆದು, ಜಪಾನಿನ ಮಂಗ-ಏಡಿ ಕಥೆಯ ಪಕ್ಕಕ್ಕಿಟ್ಟು ನೋಡಿದ್ದರು. ಕಥೆ ಹೀಗೆ: ಮಂಗ, ಆಮೆ ಇಬ್ಬರಿಗೂ ಸೇರಿ ಒಂದು ಬಾಳೆಗಿಡ ಸಿಗುತ್ತದೆ. ಪಾಲು ಮಾಡುವಾಗ ಮಂಗ ಎಲೆ ಇರುವ ತಲೆಭಾಗ ಎತ್ತಿಕೊಳ್ಳುತ್ತದೆ, ಆಮೆಗೆ ಬುಡ. ನಮಗೆ ಹರಿಹರದ ಕಡೆ ಗದ್ದೆಯ ಪಕ್ಕ ಒಂದಿಷ್ಟು ಬಾಳೆ ಇದೆ. ಕಂದು ಕಿತ್ತು ನೆಟ್ಟವರು ಯಾರೇ ಆದರೂ ಇಲ್ಲೇ ನಕ್ಕುಬಿಡುತ್ತಾರೆ, ಮುಂದಿನ ಸಾಲು ಓದುವುದೇ ಬೇಡ. ಮಂಗನ ಪಾಲು ಒಣಗುತ್ತದೆ. ಆಮೆಯದು ಗೊನೆ ಬಿಡುತ್ತದೆ. ಆದರೆ ಆಮೆಗೆ ಹತ್ತಲು ಬರುವುದಿಲ್ಲ, ಮಂಗ ಹತ್ತಿ ಹಣ್ಣನ್ನೆಲ್ಲ ತಾನೇ ತಿನ್ನುತ್ತದೆ. ಆಮೆ ಕೆಳಗೆ ಮುಳ್ಳು ಹಾಕಿ ಸೇಡು ತೀರಿಸಿಕೊಳ್ಳುತ್ತದೆ. ಸಿಕ್ಕಿಬಿದ್ದಾಗ, “ಏನಾದರೂ ಮಾಡು, ನೀರಿಗೆ ಮಾತ್ರ ಹಾಕಬೇಡ” ಅಂತ ಅಂಗಲಾಚುತ್ತದೆ. ಮಂಗ ನೀರಿಗೇ ಹಾಕುತ್ತದೆ. ನಮ್ಮ ಅಕ್ಕನ ಮೊಮ್ಮಗಳಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. “ಇದು ನಮ್ಮೂರ ಕಥೆ ಅಲ್ವಾ ಅಜ್ಜಿ?” ಅಂದಳು.

ಅವಳ ಮಾತು ಸುಳ್ಳೂ ಅಲ್ಲ. ಮಂಗ ಮತ್ತು ಮೊಸಳೆಯ ಕಥೆಯೂ ಇದೆ. ಪಂಚತಂತ್ರದಲ್ಲಿ ನಾವು ಓದಿದ್ದೇ, ಎದೆಗುಂಡಿಗೆ ಮರದ ಮೇಲೆ ಬಿಟ್ಟುಬಂದೆ ಅನ್ನುವ ಮಂಗ. ಕಥೆ ಮುಗಿದ ಮೇಲೆ ಫ್ಯಾನ್ಸ್ಲರ್ ಟಿಪ್ಪಣಿ ಶುರು ಮಾಡುತ್ತಾರೆ. ಬೌದ್ಧರ ಜಾತಕ ಕಥೆಗಳಲ್ಲಿ ಇದು ಹೇಗಿದೆ, ಎಲ್ಲಿ ಬೇರೆಯಾಯಿತು, ಅಲ್ಲಿಗೆ ಹೇಗೆ ಬಂದಿರಬಹುದು. ಚೀನಾ, ಜಪಾನಿನ ಬಾಗಿಲಲ್ಲಿ ಕೂತಿರುವ ದ್ವೀಪಗಳು, ಇತ್ತ ಮಲಯ ಮತ್ತು ಭಾರತದ ನಂಟು, ಮೇಲೆ ಮುನ್ನೂರು ವರ್ಷ ಸ್ಪೇನಿನ ಆಳ್ವಿಕೆ. ಹಾಗಾಗಿ ಕಥೆಗಳು ಸಂತೆಯಲ್ಲಿ ಸೇರಿದ ಹಾಗೆ ಸೇರಿವೆ. ಆದರೆ ಟಿಪ್ಪಣಿ ಕೆಲವು ಕಡೆ ಕಥೆಗಿಂತ ಉದ್ದ. ಅರ್ಧ ಓದಿ ಬಿಟ್ಟೆ. ನೀವೂ ಬಿಡಬಹುದು, ನಷ್ಟವಿಲ್ಲ.

ಕೊನೆಯ ಭಾಗದಲ್ಲಿ ‘ಇದು ಯಾಕೆ ಹೀಗೆ’ ಅನ್ನುವ ಪುಟ್ಟ ಕಥೆಗಳು. ಸೊಳ್ಳೆ ಕಿವಿಯ ತೂತಿಗೇ ಯಾಕೆ ಬರುತ್ತದೆ ಅಂತ ಒಂದು. ಹಸುವಿನ ಗಂಗೆದೊಗಲು ಯಾಕೆ ಜೋತಾಡುತ್ತದೆ ಅಂತ ಇನ್ನೊಂದು: ಹಸು, ಎಮ್ಮೆ ಎರಡೂ ಚರ್ಮ ಕಳಚಿಟ್ಟು ಸ್ನಾನಕ್ಕೆ ಇಳಿದವಂತೆ, ಅವಸರದಲ್ಲಿ ಹಸು ಎಮ್ಮೆಯದನ್ನು ಹಾಕಿಕೊಂಡಿತಂತೆ. ಗದ್ದೆ, ಎಮ್ಮೆ, ಕೆರೆ ಕಂಡವರೇ ಕಟ್ಟಬೇಕಾದ ಕಥೆ.

ಕೊರತೆ ಏನು? ಎಲ್ಲವೂ ಇಂಗ್ಲಿಷಿನಲ್ಲೇ ಬರೆದುಕೊಟ್ಟ ಕಥೆಗಳು. ಪ್ರಾಂತದ ಹೆಸರು ಉಳಿಯಿತು, ಅಲ್ಲಿನ ಮಾತು ಹೋಯಿತು. ಇಲೋಕಾನೊ ಹುಡುಗನೂ ಟಗಾಲೊಗ್ ಹುಡುಗನೂ ಒಂದೇ ಕಾಲೇಜು ಇಂಗ್ಲಿಷ್ ಮಾತಾಡುತ್ತಾರೆ. ಎರಡನೆಯದು, ಹೇಳಿದವರು ಹೆಚ್ಚಿನಂಶ ಬಯಲುಸೀಮೆಯ ಕ್ರೈಸ್ತ ಮನೆಗಳವರು. ಬೆಟ್ಟದ ಇಫುಗಾವೊಗಳ ಹುಡ್‌ಹುಡ್ ಹಾಡು ಇದರಲ್ಲಿ ಇಲ್ಲ. ಲನಾವೊ ಸರೋವರದ ಸುತ್ತಲಿನ ಮರನಾವೊ ಮುಸ್ಲಿಮರ ದರಂಗೆನ್ ಮಹಾಕಾವ್ಯವೂ ಇಲ್ಲ. ದರಂಗೆನ್ ಅಂದರೆ 72,000 ಸಾಲು, 17 ಭಾಗ. ಅದು ಮಗನಿರುವ ಮಿಂಡನಾವೊ ದ್ವೀಪದ್ದೇ. ಆದ್ದರಿಂದ ಈ ಪುಸ್ತಕ ಓದಿ ಇಡೀ ದೇಶ ಗೊತ್ತಾಯಿತು ಅಂದುಕೊಳ್ಳಬೇಡಿ.

ಹುಡ್‌ಹುಡ್ ಬಗ್ಗೆ ಮಗ ಆಮೇಲೆ ನಾಲ್ಕು ಹಾಳೆ ಕಳಿಸಿದ, ಅದನ್ನೂ ಹಿಂದುಗಡೆ ಸೇರಿಸಿ ಹೊಲಿಸಿದೆ. ಭತ್ತ ಬಿತ್ತುವಾಗ, ಕೊಯ್ಯುವಾಗ, ಸತ್ತವರ ಮನೆಯಲ್ಲಿ ರಾತ್ರಿ ಕೂರುವಾಗ ಹಾಡುವುದು. ಮುಂದೆ ನಿಂತು ಹಾಡುವವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ಇನ್ನೂರಕ್ಕೂ ಹೆಚ್ಚು ಕಥೆಗಳಿವೆ, ಪೂರ್ತಿ ಹಾಡಲು ದಿನಗಟ್ಟಲೆ ಬೇಕು. ಕೈಕೊಯ್ಲಿಗೆ ಅಂಟಿಕೊಂಡ ಹಾಡು, ಮೆಷಿನ್ ಬಂದ ಕಡೆ ಬಾಯಿ ಕಟ್ಟಿತು. ಭದ್ರಾ ನಾಲೆ ನೀರಿನ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮತ್ತೆ ನಾಟಿ ಹಾಕುತ್ತ ಹಾಡುತ್ತಿದ್ದರು. ಈಗ ಕೊಯ್ಲಿನ ಮೆಷಿನ್ ಗದ್ದೆಗೆ ಇಳಿದರೆ ಒಂದು ಗಂಟೆಗೆ ಎಷ್ಟು ಬಾಡಿಗೆ ಅನ್ನುವುದೇ ಮಾತು. ಆ ನಾಲ್ಕು ಹಾಳೆಯನ್ನು ಉಳಿದ ಪುಸ್ತಕಕ್ಕಿಂತ ಹೆಚ್ಚು ಸಲ ತೆಗೆದು ನೋಡಿದ್ದೇನೆ.

ಈಗ ಅಂಗಡಿಯನ್ನು ಬೈಯುವುದು. ಒಳಗಡೆ ಮಾರ್ಜಿನ್ ಬಿಡದೆ ಪ್ರಿಂಟ್ ತೆಗೆದಿದ್ದಾರೆ. ಹೊಲಿದ ಮೇಲೆ ಪ್ರತಿ ಸಾಲಿನ ತುದಿ ಬೆನ್ನಿನೊಳಗೆ ಹೋಗಿದೆ, ಪುಸ್ತಕವನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿಯಬೇಕು. ಒಂದು ಕಟ್ಟು ಹಾಳೆ ತಲೆಕೆಳಗಾಗಿ ಸೇರಿತ್ತು. ತೋರಿಸಿದರೆ, “ತಿರುಗಿಸಿಕೊಂಡು ಓದಿ ಆಂಟಿ” ಅಂದ ಹುಡುಗ! ಓನರ್ ಒಳಗಿನಿಂದ ಬಂದು, ಬಿಚ್ಚಿ, ದುಡ್ಡು ಕೇಳದೆ ಮತ್ತೆ ಹೊಲಿಸಿಕೊಟ್ಟರು. ಆ ಮರ್ಯಾದೆಗೆ ಅರ್ಧ ಅಂಕ ಜಾಸ್ತಿ. ಹೊಲಿಗೆ ಮಾತ್ರ ಗಟ್ಟಿ. ಪೂರ್ತಿ ಬಿಡಿಸಿ ಮೇಜಿನ ಮೇಲಿಟ್ಟರೂ ಒಂದು ಹಾಳೆ ಕಿತ್ತಿಲ್ಲ.

ಮಾಡಿಸುವವರು ಇಷ್ಟು ಮಾಡಿ. ಒಳಮಾರ್ಜಿನ್ ಒಂದು ಇಂಚು ಇಡಲು ಬಾಯಲ್ಲಿ ಹೇಳಬೇಡಿ, ಚೀಟಿಯಲ್ಲಿ ಬರೆದುಕೊಡಿ. ಅಕ್ಷರ 12ಕ್ಕಿಂತ ಸಣ್ಣದು ಬೇಡ. 80 ಜಿಎಸ್‌ಎಂ (ಕಾಗದದ ತೂಕದ ಅಳತೆ) ಕಾಗದ ಕೇಳಿ, 70ರದ್ದರಲ್ಲಿ ಹಿಂದಿನ ಪುಟ ಕಾಣುತ್ತದೆ. ಪರೀಕ್ಷೆ, ಪ್ರಾಜೆಕ್ಟ್ ಸಮಯದಲ್ಲಿ ಹೋದರೆ ಒಂದು ವಾರ ಕಾಯಿಸುತ್ತಾರೆ. ರೆಕ್ಸಿನ್ ಕೆಂಪು, ಹಸಿರು, ಕಪ್ಪು ಮೂರೇ ಬಣ್ಣ. ಬೆನ್ನಿನ ಮೇಲೆ ಹೆಸರು ಬರೆಸಲು 60 ರೂಪಾಯಿ ಬೇರೆ, ಕನ್ನಡದಲ್ಲೂ ಬರೆಯುತ್ತಾರೆ.