ಪೈಥಾನ್ ಇಎಕ್ಸ್‌ಇ ಮತ್ತು ಡಿಫೆಂಡರ್‌ನ ಸುಳ್ಳು ಎಚ್ಚರಿಕೆ: ಯಾವ ದಾರಿ ಎಷ್ಟು ಬಾಳಿಕೆ?

ಹಳೆಯ ಆಸ್ಕಿ ಕನ್ನಡ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸಲು ಪೈಥಾನ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಒಂದಿದೆ ಎಂದುಕೊಳ್ಳಿ. ಪೈಥಾನ್ ಕೋಡನ್ನು ವಿಂಡೋಸ್‌ನಲ್ಲಿ ನೇರ ಓಡುವ ಫೈಲಾಗಿಸುವ ಪೈಇನ್‌ಸ್ಟಾಲರ್‌ನಿಂದ ಒಂದೇ ಇಎಕ್ಸ್‌ಇ ಮಾಡಿ ಡಿಟಿಪಿ ಯಂತ್ರಗಳಿಗೆ ಹಾಕಿದರೆ ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಅದನ್ನು ಮಾಲ್‌ವೇರ್ (ಕೆಡುಕಿನ ಪ್ರೋಗ್ರಾಂ) ಎಂದು ಭಾವಿಸಿ ಕ್ವಾರಂಟೈನಿಗೆ (ಪ್ರತ್ಯೇಕ ಬಂಧನಕ್ಕೆ) ತಳ್ಳುವುದುಂಟು. ರಿಸ್ಟೋರ್ ಮಾಡಿದರೆ ತಾತ್ಕಾಲಿಕ ಶಾಂತಿ, ಮುಂದಿನ ಬಿಲ್ಡ್‌ಗೆ (ಹೊಸದಾಗಿ ತಯಾರಿಸಿದ ಇಎಕ್ಸ್‌ಇಗೆ) ಮತ್ತೆ ಅದೇ ಪಾಡು. ಇದಕ್ಕೆ ಇರುವ ದಾರಿಗಳನ್ನು ಇಂಥದೇ ಪ್ರೋಗ್ರಾಂ ಮೇಲೆ ಮಾಡಿ ನೋಡಿ ಇಲ್ಲಿ ಹೋಲಿಸಿದೆ.

ಮೊದಲು, ಎಚ್ಚರಿಕೆ ನಿಜಕ್ಕೂ ಸುಳ್ಳೇ ಎಂದು ಖಾತ್ರಿಯಾಗಬೇಕು. ಬಿಲ್ಡ್ ಮಾಡಿದ ಯಂತ್ರದಲ್ಲೂ ಫೈಲು ಸಿಕ್ಕಿಬಿದ್ದ ಯಂತ್ರದಲ್ಲೂ ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು) ತೆಗೆದು ತಾಳೆ ನೋಡಿ. ಒಂದಕ್ಷರ ಬೇರೆಯಾದರೂ ಅದು ನೀವು ಕೊಟ್ಟ ಫೈಲಲ್ಲ, ಅಲ್ಲಿಗೇ ನಿಲ್ಲಿಸಿ. ಹಲವು ಆ್ಯಂಟಿವೈರಸ್‌ಗಳ ತೀರ್ಪು ಒಟ್ಟಿಗೆ ತೋರಿಸುವ ವೈರಸ್‌ಟೋಟಲ್ ತಾಣದಲ್ಲಿ ಹ್ಯಾಶ್ ಹಾಕಿ ಹುಡುಕಿದರೆ ಸಾಕು. ಅಪ್‌ಲೋಡ್ ಮಾಡಿದ ಫೈಲು ಹೊರಗಿನವರ ಕೈಗೂ ಸಿಗುತ್ತದೆ, ಕಚೇರಿಯ ಗುಟ್ಟಿನ ಪ್ರೋಗ್ರಾಂ ಆದರೆ ಬೇಡವೇ ಬೇಡ. ಎಚ್ಚರಿಕೆಯ ಹೆಸರೂ ಸುಳಿವು ಕೊಡುತ್ತದೆ: ಕೊನೆಯಲ್ಲಿ ಆಶ್ಚರ್ಯಸೂಚಕ ಮತ್ತು ಎಂಎಲ್ ಇದ್ದರೆ ಅದು ಮಷಿನ್ ಲರ್ನಿಂಗ್‌ನ ಅಂದಾಜು. ಅಂದಾಜು ಎಂದ ಮಾತ್ರಕ್ಕೆ ಸುಳ್ಳು ಎಂದಲ್ಲ.

ಪ್ರೊಟೆಕ್ಷನ್ ಹಿಸ್ಟರಿಯಲ್ಲಿ 'ಅಲೋ' ಒತ್ತುವುದು. ಅರ್ಧ ನಿಮಿಷದ ಕೆಲಸ. ಆದರೆ ಆ ಒಂದು ಯಂತ್ರಕ್ಕೆ ಮಾತ್ರ. ಮುಂದಿನ ಬಿಲ್ಡ್ ಬೇರೆ ಎಚ್ಚರಿಕೆಯ ಹೆಸರಿನಲ್ಲಿ ಸಿಕ್ಕಿಬಿದ್ದರೆ ಹಳೆಯ ಅನುಮತಿಯಿಂದ ಏನೂ ಪ್ರಯೋಜನವಿಲ್ಲ. ಇವತ್ತಿನ ಕೆಲಸ ನಿಲ್ಲಬಾರದು ಅಂದಾಗ ಸರಿ, ಅಷ್ಟೇ.

ಎಕ್ಸ್‌ಕ್ಲೂಷನ್, ಅಂದರೆ ಇಂಥ ಫೈಲು ಅಥವಾ ಫೋಲ್ಡರನ್ನು ತಪಾಸಿಸಬೇಡ ಎಂದು ಡಿಫೆಂಡರ್‌ಗೆ ಹೇಳುವುದು. ಎಲ್ಲರೂ ಮೊದಲು ಹಿಡಿಯುವುದು ಇದನ್ನೇ, ಹೆಚ್ಚು ಎಡವುವುದೂ ಇಲ್ಲೇ. ಒಂದೇ ಫೈಲಿನ ಇಎಕ್ಸ್‌ಇ ಓಡುವಾಗಲೆಲ್ಲ ತನ್ನ ಡಿಎಲ್‌ಎಲ್‌ಗಳನ್ನು (ಪೂರಕ ಕೋಡ್ ಫೈಲುಗಳನ್ನು) ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿಡುತ್ತದೆ. ಆ ಉಪಫೋಲ್ಡರಿನ ಹೆಸರು 'ಎಂಇಐ' ಎಂದು ಶುರುವಾಗಿ, ಮುಂದಿನ ಅಂಕಿಗಳು ಪ್ರತಿಸಲ ಬದಲಾಗುತ್ತವೆ. ಹಾಗಾಗಿ ಇಎಕ್ಸ್‌ಇಯ ಹಾದಿಯನ್ನು ಬಿಟ್ಟುಕೊಟ್ಟರೂ ಬಿಚ್ಚಿದ ಡಿಎಲ್‌ಎಲ್ ಸಿಕ್ಕಿಬೀಳಬಹುದು. ಬೇಸತ್ತವರು ಟೆಂಪ್ ಫೋಲ್ಡರನ್ನೇ ಪಟ್ಟಿಗೆ ಸೇರಿಸಿಬಿಡುತ್ತಾರೆ. ದಯವಿಟ್ಟು ಮಾಡಬೇಡಿ: ನಿಜವಾದ ಮಾಲ್‌ವೇರ್ ಬಂದು ಕೂರುವ ಜಾಗವೂ ಅದೇ. 'ಪ್ರೋಸೆಸ್' ಎಕ್ಸ್‌ಕ್ಲೂಷನ್‌ನ ಅರ್ಥವನ್ನೂ ಹಲವರು ತಪ್ಪು ತಿಳಿಯುತ್ತಾರೆ. ಆ ಪ್ರೋಗ್ರಾಂ ತೆರೆಯುವ ಫೈಲುಗಳಿಗೆ ರಿಯಲ್-ಟೈಮ್ ತಪಾಸಣೆಯಿಂದ ವಿನಾಯಿತಿ ಸಿಗುತ್ತದೆಯೇ ಹೊರತು ಪ್ರೋಗ್ರಾಂಗೆ ಅಲ್ಲ. ನಿಗದಿತ ಸ್ಕ್ಯಾನ್‌ಗೆ ಅದು ಅನ್ವಯಿಸುವುದೂ ಇಲ್ಲ. ಹಾಕಲೇಬೇಕೆಂದರೆ ಪ್ರೋಗ್ರಾಂ ಫೈಲ್ಸ್ ಒಳಗೆ, ಸಾಮಾನ್ಯ ಬಳಕೆದಾರರು ಬರೆಯಲಾಗದ ಒಂದು ಫೋಲ್ಡರಿಗೆ ಮಾತ್ರ ಹಾಕಿ.

ಬಿಲ್ಡ್ ಬದಲಿಸುವುದು. ನನ್ನ ಮತ ಇದಕ್ಕೇ. ಪೈಇನ್‌ಸ್ಟಾಲರ್ ಜೊತೆ ಸಿದ್ಧವಾಗಿ ಬರುವ ಬೂಟ್‌ಲೋಡರ್, ಅಂದರೆ ಪೈಥಾನ್ ಕೋಡನ್ನು ಶುರುಮಾಡುವ ಪುಟ್ಟ ಪ್ರೋಗ್ರಾಂ, ಎಲ್ಲರಿಗೂ ಒಂದೇ. ಮಾಲ್‌ವೇರ್ ಬರೆಯುವವರೂ ಅದನ್ನೇ ಬಳಸಿದ್ದರಿಂದ ನಮ್ಮ ಫೈಲೂ ಅವರದರಂತೆ ಕಾಣುತ್ತದೆ. ಮೂರು ಬದಲಾವಣೆ ಮಾಡಿ. 'ಒನ್‌ಫೈಲ್' ಬಿಟ್ಟು 'ಒನ್‌ಡಿರ್' (ಎಲ್ಲ ಫೈಲು ಒಂದು ಫೋಲ್ಡರಿನಲ್ಲಿ) ಆರಿಸಿ, ಟೆಂಪ್‌ನಲ್ಲಿ ಬಿಚ್ಚುವ ಪ್ರಶ್ನೆಯೇ ಉಳಿಯುವುದಿಲ್ಲ. 'ನೋಯುಪಿಎಕ್ಸ್' ಆಯ್ಕೆ ಕೊಡಿ; ಯುಪಿಎಕ್ಸ್‌ನಿಂದ ಕುಗ್ಗಿಸಿದ ಫೈಲುಗಳ ಮೇಲೆ ಸ್ಕ್ಯಾನರುಗಳಿಗೆ ಅನುಮಾನ ಜಾಸ್ತಿ. ಆಮೇಲೆ ಬೂಟ್‌ಲೋಡರನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿ. ಅದಕ್ಕೆ ಸಿ ಕಂಪೈಲರ್ ಬೇಕು, ಮೊದಲ ಸಲ ಒಂದಿಷ್ಟು ಸಮಯ ಹಿಡಿಯುತ್ತದೆ. ತೊಂದರೆ ಬರುವುದು ಹಂಚುವಾಗ: 6.0 ಆವೃತ್ತಿಯಿಂದ ಪೂರಕ ಫೈಲುಗಳೆಲ್ಲ 'ಇಂಟರ್ನಲ್' ಎಂಬ ಉಪಫೋಲ್ಡರಿನಲ್ಲಿರುತ್ತವೆ, ಇಎಕ್ಸ್‌ಇ ಒಂದನ್ನೇ ಪೆನ್‌ಡ್ರೈವಿಗೆ ಎಳೆದರೆ ಅದು ತೆರೆಯುವುದೇ ಇಲ್ಲ. ಇಡೀ ಫೋಲ್ಡರನ್ನು ಜಿಪ್ ಮಾಡಿ ಕೊಡಿ.

ಮೈಕ್ರೋಸಾಫ್ಟ್‌ಗೆ ಫೈಲು ಕಳಿಸುವುದು. ಅವರ ಸೆಕ್ಯುರಿಟಿ ಇಂಟೆಲಿಜೆನ್ಸ್ ತಾಣದಲ್ಲಿ ಸಾಫ್ಟ್‌ವೇರ್ ಡೆವಲಪರ್ ಎಂದು ಆರಿಸಿ, ಎಚ್ಚರಿಕೆಯ ಪೂರ್ತಿ ಹೆಸರು ಮತ್ತು ಡಿಫೆಂಡರ್‌ನ ಡೆಫಿನಿಷನ್ (ಮಾಲ್‌ವೇರ್ ಗುರುತುಗಳ ಪಟ್ಟಿ) ಆವೃತ್ತಿ ತುಂಬಿ. ತಪ್ಪು ಒಪ್ಪಿಕೊಂಡರೆ ಪರಿಹಾರ ಎಲ್ಲ ಯಂತ್ರಗಳಿಗೂ ತಲುಪುತ್ತದೆ, ಇದೇ ಇದರ ದೊಡ್ಡ ಗುಣ. ಉತ್ತರ ಬಂದ ಮೇಲೂ ಎಚ್ಚರಿಕೆ ಬಂದರೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಡಿಫೆಂಡರ್‌ನ ಕಮಾಂಡ್ ಸಾಧನ ಎಂಪಿಸಿಎಂಡಿರನ್ ಮೂಲಕ ಡೈನಮಿಕ್ ಸಿಗ್ನೇಚರ್‌ಗಳನ್ನು (ಕ್ಲೌಡ್‌ನಿಂದ ಬಂದ ಮಾಲ್‌ವೇರ್ ಗುರುತುಗಳನ್ನು) ಅಳಿಸಿ, ಸಿಗ್ನೇಚರ್ ಅಪ್‌ಡೇಟ್ ಮಾಡಿ. ಕೊರತೆ ಏನೆಂದರೆ ಬಿಲ್ಡ್ ಬದಲಾದರೆ ಹ್ಯಾಶ್ ಬದಲಾಗುತ್ತದೆ, ಹಿಂದಿನ ತೀರ್ಪು ಹೊಸ ಫೈಲಿಗೆ ಸಲ್ಲುತ್ತದೆಂಬ ಭರವಸೆ ಇಲ್ಲ. ವಾರಕ್ಕೊಂದು ಬಿಲ್ಡ್ ಬಿಡುವವರಿಗೆ ಇದೊಂದೇ ಸಾಲದು.

ಕೋಡ್ ಸೈನಿಂಗ್, ಅಂದರೆ ಫೈಲಿಗೆ ತಯಾರಕರ ಡಿಜಿಟಲ್ ಸಹಿ ಹಾಕುವುದು, ಹೊರಗಿನವರಿಗೆ ಹಂಚುವವರಿಗೆ ತಕ್ಕದ್ದು. 2023ರ ಜೂನ್‌ನಿಂದ ಸಹಿ ಹಾಕುವ ಗುಟ್ಟಿನ ಕೀ ಹಾರ್ಡ್‌ವೇರ್ ಸಾಧನದಲ್ಲೇ ಇರಬೇಕು, ಖರ್ಚೂ ಇದೆ. ನಾಲ್ಕು ಯಂತ್ರಗಳ ಕಚೇರಿಗೆ ಬೇಕಿಲ್ಲ.

ಬಿಲ್ಡ್ ಬದಲಿಸಿ, ಅದೇ ಫೈಲನ್ನು ಮೈಕ್ರೋಸಾಫ್ಟ್‌ಗೂ ಕಳಿಸಿ. ಉತ್ತರ ಬರುವವರೆಗೆ ಮಾತ್ರ ಎಕ್ಸ್‌ಕ್ಲೂಷನ್ ಇಟ್ಟುಕೊಳ್ಳಿ. ಹಾಕಿದ ದಿನ, ಯಂತ್ರ, ಹಾದಿ ಮೂರನ್ನೂ ಬರೆದಿಟ್ಟಿರಿ. ಉತ್ತರ ಬಂದ ದಿನ ಆ ಚೀಟಿ ಹಿಡಿದು ಪ್ರತಿ ಯಂತ್ರದಲ್ಲೂ ಅದನ್ನು ಅಳಿಸಿ, ಕಸ್ಟಮ್ ಸ್ಕ್ಯಾನ್‌ನಲ್ಲಿ ಅದೇ ಫೋಲ್ಡರನ್ನು ಒಮ್ಮೆ ಓಡಿಸಿ ನೋಡಿ.