ಮೊದಲ ಕೆಲಸಕ್ಕೆ ವಾರ್ಡಾ, ಮಕ್ಕಳ ಕ್ಲಿನಿಕ್ಕಾ, ಮನೆ ಭೇಟಿಯಾ? ಮೂರರಲ್ಲೂ ದುಡಿದ ಥೆರಪಿಸ್ಟ್ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಆಕ್ಯುಪೇಶನಲ್ ಥೆರಪಿ (ಬಟ್ಟೆ ಹಾಕಿಕೊಳ್ಳುವುದು, ಸ್ನಾನ, ಬರಹದಂಥ ದಿನನಿತ್ಯದ ಕೆಲಸಗಳನ್ನು ಪೇಷಂಟ್ ತಾನೇ ಮಾಡಿಕೊಳ್ಳುವಂತೆ ಮಾಡುವ ಚಿಕಿತ್ಸೆ) ಈಗಷ್ಟೇ ಓದಿ ಮುಗಿಸಿದವರಿಗೆ ನನ್ನ ವೋಟು ಆಸ್ಪತ್ರೆಯ ರಿಹ್ಯಾಬ್ ವಾರ್ಡಿಗೆ. ಮಕ್ಕಳ ಕ್ಲಿನಿಕ್ ಎರಡನೆಯದು, ಮನೆ ಭೇಟಿ ಕೊನೆಗೆ. ಇಷ್ಟ ಯಾವುದು ಅಂತ ಕೇಳಿದರೆ ಪಟ್ಟಿ ತಲೆಕೆಳಗಾಗುತ್ತದೆ. ನನಗೆ ಇವತ್ತಿಗೂ ಮನೆ ಭೇಟಿಯೇ ಇಷ್ಟ. ಆದರೆ ಇಷ್ಟದ ಕೆಲಸ ಬೇರೆ, ಮೊದಲ ಕೆಲಸ ಬೇರೆ.

ಓದುವಾಗ ಎಲ್ಲ ಕಡೆ ಪೋಸ್ಟಿಂಗ್ ಆಗಿರುತ್ತದೆ, ನಿಜ. ಆಕ್ಯುಪೇಶನಲ್ ಥೆರಪಿಸ್ಟರ ವಿಶ್ವ ಒಕ್ಕೂಟದ ಕನಿಷ್ಠ ಮಾನದಂಡದಲ್ಲೇ 1000 ಗಂಟೆ ಫೀಲ್ಡ್‌ವರ್ಕ್ ಇದೆ. ಆದರೆ ಆಗ ನೋಟ್ಸ್ ಕೆಳಗಿನ ಸಹಿ ಬೇರೆಯವರದು. ಕೆಲಸಕ್ಕೆ ಸೇರಿದ ಮೇಲೆ ಸಹಿ ನಮ್ಮದು. ಅದನ್ನು ಹಾಕುವ ಮುಂಚೆ "ಇದು ಸರೀನಾ?" ಅಂತ ಕೇಳಲು ಪಕ್ಕದಲ್ಲಿ ಯಾರಾದರೂ ಇದ್ದಾರಾ? ಮೂರನ್ನೂ ನಾನು ಅಳೆಯುವುದು ಇದರಿಂದಲೇ.

ವಾರ್ಡಿನಲ್ಲಿ ಇರುತ್ತಾರೆ. ಸ್ಟ್ರೋಕ್ ಆದವರಿಗೆ ಶರ್ಟ್ ಹಾಕಿಕೊಳ್ಳುವುದನ್ನು ಕಲಿಸುವುದನ್ನೇ ನೋಡಿ. ಶಕ್ತಿ ಇಲ್ಲದ ಕೈ ಮೊದಲು ತೋಳಿನೊಳಗೆ, ಬಿಚ್ಚುವಾಗ ಅದೇ ಕೈ ಕೊನೆಗೆ. ಎಲ್ಲರಿಗೂ ಬಾಯಿಪಾಠ. ಆದರೆ ಮಂಚದ ಅಂಚಿನಲ್ಲಿ ಕೂತವರು ಬಲತೋಳು ಮಾತ್ರ ಹಾಕಿಕೊಂಡು "ಆಯ್ತು ಮೇಡಂ" ಅನ್ನುತ್ತಾರೆ. ಶರ್ಟಿನ ಎಡತೋಳು ಬೆನ್ನ ಹಿಂದೆ ಜೋತಾಡುತ್ತಿರುತ್ತದೆ. ಕೈಗೆ ಶಕ್ತಿ ಇಲ್ಲ ಅನ್ನುವುದಷ್ಟೇ ಅಲ್ಲ, ಎಡಗಡೆಯ ಕಡೆಗೆ ಅವರ ಗಮನವೇ ಹೋಗುತ್ತಿಲ್ಲ. ತಟ್ಟೆಯಲ್ಲೂ ಎಡಭಾಗದ ಊಟ ಹಾಗೇ ಉಳಿದಿರುತ್ತದೆ. ಪುಸ್ತಕದಲ್ಲಿ ನೆಗ್ಲೆಕ್ಟ್ ಅಂತ ಓದಿದ್ದು ಇದೇ. ನಮ್ಮ ಸೀನಿಯರ್ ಪಕ್ಕದ ಮಂಚದಿಂದಲೇ ಇದನ್ನೆಲ್ಲ ನೋಡಿ, "ಕೈಯ ವ್ಯಾಯಾಮ ಆಮೇಲೆ ಮಾಡಿಸು. ಮೊದಲು ಅವರ ಎಡಗಡೆ ಹೋಗಿ ಕೂತ್ಕೊಳ್ಳಮ್ಮ, ಅಲ್ಲಿಂದಲೇ ಮಾತಾಡಿಸು" ಅಂದರು. ಒಂದೇ ಮಾತು. ಆದರೆ ಆ ಹೊತ್ತಿಗೆ, ಆ ಜಾಗದಲ್ಲಿ ಸಿಕ್ಕಿತು.

ಅಳತೆಯ ಕಣ್ಣು ಕೂಡ ಅಲ್ಲೇ ಬರುವುದು. ದಿನದ ಕೆಲಸಗಳಲ್ಲಿ ಪೇಷಂಟಿಗೆ ಎಷ್ಟು ಸಹಾಯ ಬೇಕು ಅಂತ ಅಳೆಯುವ ಎಫ್‌ಐಎಂ ಸ್ಕೇಲಿನಲ್ಲಿ 18 ಅಂಶಗಳು, ಒಂದೊಂದಕ್ಕೂ 1ರಿಂದ 7 ಅಂಕ. ಕೆಲಸದ ಮುಕ್ಕಾಲು ಭಾಗ ಅಥವಾ ಅದಕ್ಕಿಂತ ಜಾಸ್ತಿ ಪೇಷಂಟೇ ಮಾಡಿದರೆ 4, ಅರ್ಧದಿಂದ ಮುಕ್ಕಾಲಿನ ಒಳಗಿದ್ದರೆ 3. ಕಾಗದದ ಮೇಲೆ ಸಲೀಸು. ಸ್ನಾನದ ಕುರ್ಚಿಯಲ್ಲಿ ಕೂತವರ ಬೆನ್ನಿಗೆ ನಾವು ಕೈ ಆನಿಸಿ ಹಿಡಿದಿರುವಾಗ ಎಷ್ಟು ಭಾರ ಅವರದು, ಎಷ್ಟು ನಮ್ಮದು? ಇದನ್ನು ಇನ್ನೊಬ್ಬರ ಜೊತೆ ಕೂತು ಅಂಕ ಹಾಕಿ, ತಾಳೆ ನೋಡಿ, ಸ್ವಲ್ಪ ಜಗಳವಾಡಿಯೇ ಕಲಿಯಬೇಕು. ತುಂಬಾ ದಿನ ಮಲಗಿದ್ದವರನ್ನು ಮೊದಲ ಸಲ ಎಬ್ಬಿಸಿ ಕೂರಿಸಿದಾಗ ಮೇಲಿನ ಬಿಪಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದು ತಲೆ ಸುತ್ತಿದರೆ, ಕೂಗಿದರೆ ಸಾಕು, ನರ್ಸ್ ಬರುತ್ತಾರೆ. ಹೊಸಬರಿಗೆ ಇದು ಸಣ್ಣ ಧೈರ್ಯ ಅಲ್ಲ.

ವಾರ್ಡಿನ ಕಿರಿಕಿರಿಯೂ ಕಡಿಮೆ ಇಲ್ಲ. ಪೇಷಂಟ್ ಒಂದು ಹದಕ್ಕೆ ಬರುವ ಹೊತ್ತಿಗೆ ಡಿಸ್ಚಾರ್ಜ್ ಚೀಟಿ ಬಂದಿರುತ್ತದೆ. ಅವರು ಮನೆಗೆ ಹೋಗಿ ಶರ್ಟ್ ಹಾಕಿಕೊಂಡರೋ, ಮನೆಯವರೇ ಹಾಕಿದರೋ ಗೊತ್ತಾಗುವುದಿಲ್ಲ. ಮಂಚದಿಂದ ವೀಲ್‌ಚೇರಿಗೆ ದಾಟಿಸಿ ದಾಟಿಸಿ ಸಂಜೆಗೆ ಸೊಂಟ ಹಿಡಿದಿರುತ್ತದೆ.

ಮಕ್ಕಳ ಕ್ಲಿನಿಕ್ಕಿನಲ್ಲಿ ಇದು ಪೂರ್ತಿ ಉಲ್ಟಾ. ಒಂದೇ ಮಗುವನ್ನು ತಿಂಗಳುಗಟ್ಟಲೆ ನೋಡುತ್ತೀರಿ. ಗುಂಡಿ ಹಾಕಲು ಬಾರದ ಮಗು ಒಂದು ದಿನ ತಾನೇ ಹಾಕಿಕೊಂಡು ಬಂದು ಹೊಟ್ಟೆ ಮುಂದೆ ಮಾಡಿ ತೋರಿಸುತ್ತದೆ. ಅಂಥ ಖುಷಿ ವಾರ್ಡಿನಲ್ಲಿ ಅಪರೂಪ. ಆದರೆ ಸೆಷನ್‌ಗಳು ಒಂದರ ಬೆನ್ನಿಗೆ ಒಂದು. ಸೀನಿಯರ್ ಇದ್ದರೂ ಅವರ ಕೋಣೆಯ ಬಾಗಿಲು ಮುಚ್ಚಿರುತ್ತದೆ, ಒಳಗೆ ಅವರದೇ ಮಗು. ನೋಡುವವರಿಲ್ಲದಿದ್ದರೆ ಉಯ್ಯಾಲೆ, ಚೆಂಡು, ಜಾರುಬಂಡೆ ಎಲ್ಲ ಸುಮ್ನೆ ಆಟವಾಗಿಬಿಡುವ ಅಪಾಯ ಇದೆ. ಸೆನ್ಸರಿ ಇಂಟಿಗ್ರೇಶನ್ನಿಗೆ (ಸ್ಪರ್ಶ, ಚಲನೆಯಂಥ ಅನುಭವಗಳನ್ನು ಮಗುವಿನ ಮೆದುಳು ಹೊಂದಿಸಿಕೊಳ್ಳಲು ನೆರವಾಗುವ ಚಿಕಿತ್ಸೆ) ಅಡಿಪಾಯ ಹಾಕಿದ ಜೀನ್ ಏರ್ಸ್ ಉಯ್ಯಾಲೆ ಬಳಸಿದ್ದು ಮಗುವನ್ನು ತೂಗಿ ಸುಮ್ಮನಾಗಿಸಲು ಅಲ್ಲ. ಮಗು ತಾನೇ ಮುಂದಾಗಿ, ಇನ್ನೇನು ಕೈಗೆಟುಕಬಹುದಾದ ಸವಾಲೊಂದನ್ನು ದಾಟಬೇಕು. ಅದು ಎಟುಕುವ ಸವಾಲು ಹೌದೋ ಅಲ್ಲವೋ ಅಂತ ಹೇಳಲು ಪಳಗಿದ ಕಣ್ಣು ಬೇಕು.

ಇನ್ನೊಂದು, ಇಲ್ಲಿ ಪೇಷಂಟ್ ಇಬ್ಬರು: ಮಗು ಮತ್ತು ಬಾಗಿಲಲ್ಲಿ ಕಾಯುವ ಅಪ್ಪ ಅಮ್ಮ. ಸೆಷನ್ನಿನ ಕೊನೆಯ ಐದು ನಿಮಿಷ ಅವರದು. "ಮೇಡಂ, ಪೆನ್ಸಿಲ್ ಹಿಡಿಯೋದು ಇನ್ನೂ ಸರಿ ಆಗಿಲ್ವಲ್ಲ?" ನಾಲ್ಕು ಬೆರಳಲ್ಲಿ ಹಿಡಿದರೂ ಬರಹ ಚೆನ್ನಾಗಿಯೇ ಬರಬಹುದು, ಕೈ ಬೇಗ ನೋಯುತ್ತಿದೆಯಾ, ಅಕ್ಷರ ಓದಲು ಆಗುತ್ತಿದೆಯಾ, ಅದನ್ನು ನೋಡೋಣ ಅಂತ ಸಮಾಧಾನವಾಗಿ ಹೇಳಬೇಕು. ಮುಂದಿನ ಮಗು ಆಗಲೇ ಚಪ್ಪಲಿ ಬಿಚ್ಚುತ್ತಿರುತ್ತದೆ. ನೋಟ್ಸ್ ಬರೆಯುವುದು ಯಾವಾಗ? ಕ್ಲಿನಿಕ್ ಮುಚ್ಚಿದ ಮೇಲೆ. ಸಂಬಳದ ಮಾತಾಡುವಾಗ ಈ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮನೆ ಭೇಟಿ ನನಗೆ ಇಷ್ಟ ಅಂದೆನಲ್ಲ, ಕಾರಣ ಅಲ್ಲಿ ಸುಳ್ಳಿಗೆ ಜಾಗವಿಲ್ಲ. ವಾರ್ಡಿನಲ್ಲಿ ಕಂಬಿ ಹಿಡಿದು ಸರಾಗವಾಗಿ ಏಳುತ್ತಿದ್ದವರು ಮನೆಯ ಬಚ್ಚಲಲ್ಲಿ ಟವೆಲ್ ಹಾಕುವ ಸರಳು ಹಿಡಿದು ಏಳುತ್ತಾರೆ. ಗೋಡೆಯಲ್ಲಿ ಅದರ ಸ್ಕ್ರೂ ಆಗಲೇ ಸಡಿಲವಾಗಿರುತ್ತದೆ. ಯಾವ ಸ್ಕೇಲೂ ಹೇಳದ್ದನ್ನು ಆ ಸ್ಕ್ರೂ ಹೇಳುತ್ತದೆ. ಬಾಗಿಲು ಅಳೆಯುತ್ತೀರಿ: ವೀಲ್‌ಚೇರ್ ನೆಟ್ಟಗೆ ದಾಟಲು 32 ಇಂಚು ತೆರವಿದ್ದರೆ ಒಳ್ಳೆಯದು. ಮೆಟ್ಟಿಲು ಅಳೆಯುತ್ತೀರಿ: 1ಕ್ಕೆ 12ರ ಇಳಿಜಾರಿನಲ್ಲಿ 6 ಇಂಚಿನ ಮೆಟ್ಟಿಲಿಗೆ 6 ಅಡಿ ರ‍್ಯಾಂಪ್ ಬೇಕು, ಅಷ್ಟು ಜಾಗ ಎಷ್ಟೋ ಕಡೆ ಇರುವುದೇ ಇಲ್ಲ. ಆಮೇಲೆ ಕೂತು ಕೇಳಿದರೆ ಅವರಿಗೆ ಬೇಕಾಗಿದ್ದು ಬಚ್ಚಲೇ ಅಲ್ಲ, ಮೊಮ್ಮಗಳ ಜಡೆ ಹೆಣೆಯುವುದು ಅಂತ ಗೊತ್ತಾಗುತ್ತದೆ.

ಹಾಗಾದರೆ ಕೊನೆಗೆ ಯಾಕೆ? ಒಬ್ಬರೇ ಇರುತ್ತೀರಿ, ಅದಕ್ಕೆ. ಮಂಚದಿಂದ ಕುರ್ಚಿಗೆ ದಾಟಿಸುವಾಗ ಪೇಷಂಟಿನ ಮೊಣಕಾಲು ಕುಸಿದರೆ ಹಿಡಿಯಲು ಇನ್ನೊಂದು ಕೈ ಇಲ್ಲ. ಇವರಿಗೆ ಕಮೋಡ್ ಕುರ್ಚಿ ಸಾಕಾ, ಬಾಗಿಲನ್ನೇ ಅಗಲ ಮಾಡಿಸಬೇಕಾ ಅಂತ ಅಲ್ಲೇ ನಿರ್ಧರಿಸಬೇಕು, ಮನೆಯವರು ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಭೇಟಿಗಿಷ್ಟು ಅಂತ ದುಡ್ಡು ಕೊಡುವ ಕಡೆ ದಾರಿಯ ಹೊತ್ತು ನಿಮ್ಮ ತಲೆಗೇ. ವಾರ್ಡಿನಲ್ಲಿ ಕಲಿತ ಕೈ ಇದ್ದರೆ ಇದೆಲ್ಲ ನಡೆಯುತ್ತದೆ. ಇಲ್ಲದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ, ಅಷ್ಟೇ.

ಹ್ಯಾಂಡ್ ಥೆರಪಿ ಬಗ್ಗೆಯೂ ಕೇಳುವವರಿದ್ದಾರೆ. ಸ್ನಾಯುರಜ್ಜು ಹೊಲಿದ ಬೆರಳಿಗೆ ಸ್ಪ್ಲಿಂಟ್ (ಆಧಾರದ ಪಟ್ಟಿ) ಮಾಡುವ ಕೆಲಸ ಚೆಂದ, ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆ ಕೈ ಮೇಲೆ ಕೂತು ಗಟ್ಟಿಯಾಗುವುದನ್ನು ನೋಡುವುದೇ ಒಂದು ಸುಖ. ಆದರೆ ವ್ಯಾಯಾಮ ಅವಸರ ಮಾಡಿದರೆ ಹೊಲಿಗೆ ಕಿತ್ತುಬರುತ್ತದೆ, ತಡ ಮಾಡಿದರೆ ರಜ್ಜು ಅಂಟಿಕೊಳ್ಳುತ್ತದೆ. ಮೊದಲ ಕೆಲಸಕ್ಕೆ ಬೇಡ. ಮಾನಸಿಕ ಆರೋಗ್ಯದ ವಿಭಾಗದಲ್ಲಿ ನಾನು ದುಡಿದಿಲ್ಲ, ಹಾಗಾಗಿ ಹೋಲಿಕೆಗೆ ತಂದಿಲ್ಲ.

ಇಂಟರ್‌ವ್ಯೂನಲ್ಲಿ ನಾಚಿಕೆ ಬಿಟ್ಟು ಕೇಳಿ: ನನ್ನ ಸೆಷನ್ ನೋಡುವವರು ಯಾರು, ವಾರಕ್ಕೆ ಎಷ್ಟು ಹೊತ್ತು? ದಿನಕ್ಕೆ ಎಷ್ಟು ಕೇಸ್? ನೋಟ್ಸ್ ಬರೆಯಲು ಡ್ಯೂಟಿಯೊಳಗೇ ಸಮಯ ಇದೆಯಾ? ವಾರ್ಡಿನ ಹುದ್ದೆ ಅಂತ ಹೇಳಿ, ಇಡೀ ಆಸ್ಪತ್ರೆಗೆ ನೀವೊಬ್ಬರೇ ಆಕ್ಯುಪೇಶನಲ್ ಥೆರಪಿಸ್ಟ್ ಅಂತಾದರೆ ನನ್ನ ಪಟ್ಟಿ ಮುರಿದುಬಿತ್ತು ಅಂದುಕೊಳ್ಳಿ. ಆಗ ಪಕ್ಕದಲ್ಲಿ ಕೂತು ಕಲಿಸುವ ಸೀನಿಯರ್ ಇರುವ ಮಕ್ಕಳ ಕ್ಲಿನಿಕ್ಕೇ ಮೇಲು, ಸಂಬಳ ಸ್ವಲ್ಪ ಕಡಿಮೆ ಇದ್ದರೂ. ಮನೆ ಭೇಟಿಯಲ್ಲೂ ಅಷ್ಟೇ. ಮೊದಲ ಕೆಲವು ತಿಂಗಳು ಜೋಡಿಯಾಗಿ ಕಳಿಸುತ್ತೇವೆ ಅಂದರೆ ಒಪ್ಪಿಕೊಳ್ಳಿ, ಆದರೆ ಆ ಮಾತು ಆಫರ್ ಲೆಟರಿನಲ್ಲಿ ಬರೆದಿರಲಿ.